ಚಿಕ್ಕಮಗಳೂರು, ಸಕಲೇಶಪುರದ ಬೆಟ್ಟ ಸುತ್ತಲು ಜಿಪಿಎಸ್ ಬೇಕಾ? ಯಾವುದು, ಯಾವ ಮ್ಯಾಪ್?

ನಿಮ್ಮ ಪ್ರಶ್ನೆ ಇಷ್ಟು: ಮುಳ್ಳಯ್ಯನಗಿರಿ, ಕುದುರೆಮುಖ, ಬಲ್ಲಾಳರಾಯನ ದುರ್ಗ, ಸಕಲೇಶಪುರ ಕಡೆಯ ಗುಡ್ಡ ಎಲ್ಲ ಹತ್ತುವ ಆಸೆ ಇದೆ. ಫೋನ್ ಸಾಕಾ, ಇಲ್ಲ ಕೈಯಲ್ಲಿ ಹಿಡಿಯುವ ಜಿಪಿಎಸ್ ಬೇಕಾ? ಅಮೆರಿಕದಲ್ಲಿರುವ ಅಣ್ಣ ಊರಿಗೆ ಬರುವಾಗ ಒಂದು ತರುತ್ತಾರಂತೆ, ಯಾವುದು ಹೇಳಲಿ?

ನಾನು ಮೂಡಿಗೆರೆ ಕಡೆಯವನು. ಸಣ್ಣ ಕಾಫಿ ತೋಟ ಇದೆ. ಹತ್ತು-ಹನ್ನೆರಡು ವರ್ಷದಿಂದ ಜೇಬಿನಲ್ಲಿ ಜಿಪಿಎಸ್ ಇಟ್ಟುಕೊಂಡು ಗುಡ್ಡ ಹತ್ತುತ್ತಿದ್ದೇನೆ. ನನ್ನ ಮೊದಲನೆಯದೂ ಅಮೆರಿಕದಿಂದಲೇ ಬಂದಿದ್ದು. ಚಿಕ್ಕಪ್ಪನ ಮಗ ತಂದುಕೊಟ್ಟಿದ್ದ. ಅದರ ಕತೆ ಮೊದಲು ಹೇಳಿಬಿಡುತ್ತೇನೆ, ನಿಮ್ಮ ಅರ್ಧ ಪ್ರಶ್ನೆಗೆ ಉತ್ತರ ಅದರಲ್ಲೇ ಸಿಗುತ್ತದೆ.

ಸುಂಕಸಾಲೆ ಕಡೆಯಿಂದ ಬಲ್ಲಾಳರಾಯನ ದುರ್ಗ ಹತ್ತಿದ್ದೆವು, ನಾನು ಮತ್ತು ಭಾವ. ಮಳೆ ಮುಗಿಯುತ್ತಿದ್ದ ಕಾಲ. ಬೈಕ್ ನಿಲ್ಲಿಸಿದ ಜಾಗಕ್ಕೆ ಜಿಪಿಎಸ್‌ನಲ್ಲಿ ಗುರುತು ಹಾಕಿಕೊಂಡಿದ್ದೆ. ಕೋಟೆ ಗೋಡೆ ದಾಟಿ ಬಂಡಾಜೆ ಜಲಪಾತದ ಕಡೆ ಹುಲ್ಲುಗುಡ್ಡದ ಮೇಲೆ ಸ್ವಲ್ಪ ದೂರ ಹೋಗಿರಬೇಕು, ಕೆಳಗಿನಿಂದ ಮಂಜು ಎದ್ದು ಬಂತು. ಹತ್ತು ಮಾರು ಮುಂದೆ ಹೋಗುತ್ತಿದ್ದ ಭಾವ ಕಾಣದಾದರು. ಅಲ್ಲಿ ದನದ ಜಾಡು, ಜನದ ಜಾಡು ಎಲ್ಲ ಒಂದೇ ಥರ. ಜಿಪಿಎಸ್ ತೆಗೆದರೆ ಐದು ಮೀಟರ್ ಲೆಕ್ಕದಲ್ಲಿ ನಾನು ಎಲ್ಲಿದ್ದೇನೆ ಎಂದು ತೋರಿಸುತ್ತಿದೆ. ಸುತ್ತ ಮಾತ್ರ ಬರೀ ಬೂದು ಬಣ್ಣ. ದಾರಿ ಇಲ್ಲ, ಹಳ್ಳ ಇಲ್ಲ, ಇಳಿಜಾರಿನ ಗೆರೆ ಇಲ್ಲ. ಒಳಗೆ ವಿವರವಾಗಿ ಇದ್ದದ್ದು ಅಮೆರಿಕದ ಮ್ಯಾಪ್! ಮನೆಯಲ್ಲಿ ಕೂತಾಗ ಒಂದು ಸಲವೂ ನಾನು ಅದನ್ನು ನೋಡಿರಲಿಲ್ಲ.

ಬಾಣದ ಗುರುತು ಬೈಕ್ ಇದ್ದ ಕಡೆ ತೋರಿಸುತ್ತಿತ್ತು. ಸರಿ, ಅದನ್ನೇ ಹಿಡಿದು ಹೊರಟೆವು. ಬಾಣಕ್ಕೇನು, ಅದು ದಾರ ಎಳೆದ ಹಾಗೆ ನೇರ ತೋರಿಸುತ್ತದೆ. ನಡುವೆ ಕಾನು ಇದೆಯೋ ಕಮರಿ ಇದೆಯೋ ಅದಕ್ಕೆ ಗೊತ್ತಿಲ್ಲ. ಅರ್ಧ ಗಂಟೆ ಇಳಿದಿದ್ದೇವೆ, ಕಾಲಿಗೆಲ್ಲ ಇಂಬಳ, ಮುಂದೆ ಎಲ್ಲೋ ಆಳದಲ್ಲಿ ನೀರು ಬೀಳುವ ಸದ್ದು. ಭಾವ ನಿಂತುಬಿಟ್ಟರು. 'ಬಂದ ದಾರಿಗೆ ಸುಂಕ ಇಲ್ಲ ಮಾರಾಯ, ವಾಪಸ್ ಹತ್ತು' ಎಂದರು. ಆಗ ಹೊಳೆಯಿತು. ಬೆಳಿಗ್ಗೆಯಿಂದ ನಾವು ನಡೆದ ದಾರಿಯನ್ನು ಜಿಪಿಎಸ್ ತನ್ನ ಪಾಡಿಗೆ ತಾನು ಬರೆದುಕೊಂಡು ಬಂದಿತ್ತು. ಆ ಗೆರೆಯ ಮೇಲೇ ಹೆಜ್ಜೆ ಇಟ್ಟು ವಾಪಸ್ ಬಂದೆವು. ಬೈಕ್ ಹತ್ತಿರ ತಲುಪುವಾಗ ಕತ್ತಲೆ.

ಹಾಗಾಗಿ ನಾನು ಯಾರು ಕೇಳಿದರೂ ಮೊದಲು ಮ್ಯಾಪ್ ಬಗ್ಗೆ ಹೇಳುತ್ತೇನೆ, ಡಬ್ಬಿಯ ಬಗ್ಗೆ ಆಮೇಲೆ.

ಪೇಪರ್ ಮ್ಯಾಪ್‌ನಿಂದ ಶುರು ಮಾಡೋಣ. ಸರ್ಕಾರದ ನಕ್ಷೆ ಇಲಾಖೆ ಸರ್ವೆ ಆಫ್ ಇಂಡಿಯಾದ 1:50,000 ಹಾಳೆಗಳಿಗೆ ಈಗಲೂ ಸಾಟಿ ಇಲ್ಲ. ಎರಡು ಸೆಂಟಿಮೀಟರ್ ಅಂದರೆ ಒಂದು ಕಿಲೋಮೀಟರ್. 20 ಮೀಟರ್‌ಗೊಂದು ಎತ್ತರದ ಗೆರೆ, ಅಂದರೆ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ. ಗೆರೆಗಳು ಒತ್ತೊತ್ತಾಗಿ ಬಂದರೆ ಅಲ್ಲಿ ಇಳಿಯಬೇಡಿ ಎಂದೇ ಅರ್ಥ. ಅವತ್ತು ಆ ಹಾಳೆ ಜೇಬಿನಲ್ಲಿದ್ದರೆ ನಾವು ಆ ಕಾನಿಗೆ ಇಳಿಯುತ್ತಲೇ ಇರಲಿಲ್ಲ. 2017ರಲ್ಲಿ ನಕ್ಷೆ ಎಂಬ ಪೋರ್ಟಲ್ ಮಾಡಿ ಈ ಹಾಳೆಗಳನ್ನು ಪಿಡಿಎಫ್ ಆಗಿ ಪುಕ್ಕಟೆ ಕೊಡಲು ಶುರು ಮಾಡಿದರು. ಒಂದು ತಮಾಷೆ ನೋಡಿ: ಹಳೆಯ ನಂಬರಿನ ಪ್ರಕಾರ ಮುಳ್ಳಯ್ಯನಗಿರಿ ಬರುವುದು 48 ಓ/11ರಲ್ಲಿ, ಚಿಕ್ಕಮಗಳೂರು ಪೇಟೆ ಪಕ್ಕದ 48 ಓ/15ರಲ್ಲಿ. ಒಂದೇ ಹಾಳೆ ಪ್ರಿಂಟ್ ಮಾಡಿಸಿಕೊಂಡು ಹೋದರೆ ಒಂದೋ ಊರು ಇರುತ್ತದೆ, ಇಲ್ಲ ಬೆಟ್ಟ.

ಯಾರದೋ ಮನೆಯ ಅಟ್ಟದಿಂದ ಇಂಥದೇ ಹಳೆಯ ಹಾಳೆ (ಟೋಪೋಶೀಟ್) ಸಿಕ್ಕರೆ ಹುಷಾರು. ಭೂಮಿಯ ಮೇಲಿನ ಜಾಗಕ್ಕೆ ಅಕ್ಷಾಂಶ, ರೇಖಾಂಶದ ಅಂಕಿ ಕೊಡಲು ಒಂದು ಮೂಲ ಲೆಕ್ಕ ಬೇಕು, ಅದಕ್ಕೆ ಡೇಟಮ್ ಎನ್ನುತ್ತಾರೆ. ಅವನ್ನು ಮಾಡಿದ್ದು ಎವರೆಸ್ಟ್ ಡೇಟಮ್ ಎಂಬ ಹಳೆಯ ಲೆಕ್ಕದಲ್ಲಿ. ಜಿಪಿಎಸ್ ಮಾತಾಡುವುದು ಡಬ್ಲ್ಯುಜಿಎಸ್ 84 ಎಂಬ ಹೊಸ ಲೆಕ್ಕದಲ್ಲಿ. ಸೆಟ್ಟಿಂಗ್ ಬದಲಿಸದೆ ಒಂದರ ಅಂಕಿಯನ್ನು ಇನ್ನೊಂದರ ಮೇಲೆ ಹಾಕಿದರೆ ನಮ್ಮ ಕಡೆ ನೂರರಿಂದ ಇನ್ನೂರು ಮೀಟರ್ ಪಕ್ಕಕ್ಕೆ ಸರಿಯುತ್ತದೆ. ಬಯಲಲ್ಲಿ ಪರವಾಗಿಲ್ಲ. ಬಂಡಾಜೆಯ ಅಂಚಿನಲ್ಲಿ ಇನ್ನೂರು ಮೀಟರ್ ಅಂದರೆ ಈ ಜಿಲ್ಲೆಗೂ ದಕ್ಷಿಣ ಕನ್ನಡಕ್ಕೂ ಇರುವಷ್ಟು ವ್ಯತ್ಯಾಸ. ಈಗ ಸಿಗುವ ಹೊಸ ಹಾಳೆಗಳು ಡಬ್ಲ್ಯುಜಿಎಸ್ 84ರಲ್ಲೇ ಇವೆ.

ಜಿಪಿಎಸ್ ಒಳಗೆ ಹಾಕಲು, ಜನರೇ ಸೇರಿ ಬರೆಯುವ ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ಮಾಡಿದ ಮ್ಯಾಪ್ ಪುಕ್ಕಟೆ ಸಿಗುತ್ತದೆ. ಮೆಮೊರಿ ಕಾರ್ಡ್‌ಗೆ ಹಾಕಿ ತೂರಿಸಿದರೆ ಆಯಿತು. ಎತ್ತರದ ಗೆರೆ ಇರುವುದನ್ನೇ ಇಳಿಸಿಕೊಳ್ಳಿ. ಆದರೆ ಇದನ್ನು ಬರೆಯುವುದು ನಿಮ್ಮ ನನ್ನ ಥರದವರೇ. ಮುಳ್ಳಯ್ಯನಗಿರಿ ಥರ ಜನ ಜಾಸ್ತಿ ಹೋಗುವ ಕಡೆ ಪ್ರತಿ ತಿರುವೂ ಇರುತ್ತದೆ. ಬಿಸಿಲೆ ಕಡೆ ಹೋದರೆ ಕಾಡಿನೊಳಗೆ ಯಾರೋ ಒಬ್ಬರು ಒಂದು ದಿನ ನಡೆದ ಗೆರೆ ಇರಬಹುದು. ಅದು ದಾರಿಯೇ ಆಗಿರಬೇಕೆಂದಿಲ್ಲ.

ಇನ್ನು ಫೋನ್ ಸಾಕಾ ಎಂಬ ಮಾತು. ಹೆಚ್ಚಿನವರಿಗೆ ಸಾಕು. ಅರಣ್ಯ ಇಲಾಖೆಯ ವೆಬ್‌ಸೈಟಿನಲ್ಲಿ ಬುಕ್ ಮಾಡಿ, ಗೈಡ್ ಜೊತೆ ಕುದುರೆಮುಖಕ್ಕೆ ಹೋಗುವವರಿಗೆ ಬೇರೆ ಜಿಪಿಎಸ್ ಯಾಕೆ? ಮುಳ್ಳಯ್ಯನಗಿರಿಗಂತೂ ತುದಿಯ ಮೆಟ್ಟಿಲ ತನಕ ರಸ್ತೆಯೇ ಇದೆ. ನೆಟ್‌ವರ್ಕ್ ಇಲ್ಲದಿದ್ದರೆ ಫೋನಿನ ಜಿಪಿಎಸ್ ಕೆಲಸ ಮಾಡುವುದಿಲ್ಲ ಎಂದು ತುಂಬಾ ಜನ ನಂಬಿದ್ದಾರೆ. ಹಾಗಿಲ್ಲ. ಅದು ಸುಮಾರು 20,000 ಕಿಲೋಮೀಟರ್ ಮೇಲಿರುವ ಉಪಗ್ರಹದಿಂದ ನೇರವಾಗಿ ಸಿಗ್ನಲ್ ಹಿಡಿಯುತ್ತದೆ. ನೆಟ್‌ವರ್ಕ್ ಇದ್ದರೆ ಮೊದಲ ಸಲ ಬೇಗ ಹಿಡಿಯುತ್ತದೆ, ಅಷ್ಟೇ. ಇಲ್ಲದಿದ್ದಾಗ ಪ್ರತಿ ಉಪಗ್ರಹ ತಾನು ಎಲ್ಲಿದ್ದೇನೆ ಎಂದು ಹೇಳುವ ವಿವರವನ್ನು ಅರ್ಧ ನಿಮಿಷ ತಡೆಯಿಲ್ಲದೆ ಕೇಳಿಸಿಕೊಳ್ಳಬೇಕು. ಮರದ ಕೆಳಗೆ ಅದು ಪದೇ ಪದೇ ತುಂಡಾಗುತ್ತದೆ. ಅದಕ್ಕೇ ಕಾಡು ಹೊಕ್ಕುವ ಮೊದಲು ಬಯಲಲ್ಲಿ ಆನ್ ಮಾಡಿ, ಒಂದು ಬೀಡಿ ಸೇದುವಷ್ಟು ಹೊತ್ತು ಸುಮ್ನೆ ನಿಲ್ಲಿ. ಮ್ಯಾಪ್ ಮಾತ್ರ ಮನೆಯಲ್ಲೇ ಇಳಿಸಿಕೊಂಡಿರಬೇಕು.

ಫೋನ್ ಸೋಲುವುದು ಮಳೆಯಲ್ಲಿ. ಒದ್ದೆ ಬೆರಳು, ಒದ್ದೆ ಸ್ಕ್ರೀನ್, ಒರೆಸಿದಷ್ಟೂ ಮ್ಯಾಪ್ ತನ್ನಷ್ಟಕ್ಕೆ ಓಡುತ್ತದೆ. ಜೊತೆಗೆ ಚಾರ್ಜು. ಸಿಗ್ನಲ್ ಇಲ್ಲದ ಕಡೆ ಟವರ್ ಹುಡುಕಿ ಹುಡುಕಿಯೇ ಬ್ಯಾಟರಿ ಅರ್ಧ ಆಗಿರುತ್ತದೆ, ಏರೋಪ್ಲೇನ್ ಮೋಡ್ ಹಾಕಿದರೆ ಉಳಿಯುತ್ತದೆ. ನೀವು ಮಳೆಗಾಲದಲ್ಲೂ ಹೋಗುವವರಾದರೆ, ವರ್ಷಕ್ಕೆ ಆರೇಳು ಸಲ ಹೋಗುವವರಾದರೆ, ಬೇರೆ ಜಿಪಿಎಸ್ ತೆಗೆದುಕೊಳ್ಳಿ. ವರ್ಷಕ್ಕೊಂದು ಸಲಕ್ಕಾದರೆ ಆ ದುಡ್ಡಿನಲ್ಲಿ ಒಳ್ಳೆ ಬೂಟು, ರೇನ್‌ಕೋಟು ಕೊಳ್ಳಿ.

ತೆಗೆದುಕೊಳ್ಳುವುದಾದರೆ ನನ್ನ ಆಯ್ಕೆ ಗುಂಡಿ ಇರುವುದು, ಡಬಲ್ ಎ ಸೆಲ್ ಹಾಕುವುದು. ಸೆಲ್ ಕಳಸದ ಅಂಗಡಿಯಲ್ಲೂ ಸಿಗುತ್ತದೆ, ಚಾರ್ಜರ್ ಹುಡುಕಬೇಕಿಲ್ಲ. ಗಾರ್ಮಿನ್ ಇಟ್ರೆಕ್ಸ್ 22ಎಕ್ಸ್, 32ಎಕ್ಸ್ ಈ ಥರದವು. ಎರಡು ಸೆಲ್‌ಗೆ 25 ಗಂಟೆ ಎನ್ನುತ್ತಾರೆ. 32ಎಕ್ಸ್‌ನಲ್ಲಿ ದಿಕ್ಸೂಚಿ, ಗಾಳಿಯ ಒತ್ತಡದಿಂದ ಎತ್ತರ ಹೇಳುವ ಸೌಲಭ್ಯ ಎರಡೂ ಇವೆ, 22ಎಕ್ಸ್‌ನಲ್ಲಿ ಇಲ್ಲ. ದಿಕ್ಸೂಚಿ ಇಲ್ಲದ ಜಿಪಿಎಸ್ ನೀವು ನಡೆಯುತ್ತಿದ್ದರೆ ಮಾತ್ರ ದಿಕ್ಕು ಹೇಳುತ್ತದೆ. ಮಂಜಿನಲ್ಲಿ ನಿಂತು ಯಾವ ಕಡೆ ಎಂದು ಯೋಚಿಸುವವನಿಗೆ ಅದರಿಂದ ಉಪಯೋಗ ಇಲ್ಲ. ದುಡ್ಡು ಸ್ವಲ್ಪ ಜಾಸ್ತಿಯಾದರೂ ದಿಕ್ಸೂಚಿ ಇರುವುದೇ ಆಗಲಿ. ಇಟ್ರೆಕ್ಸ್ ಎಸ್‌ಇ ಅಗ್ಗ, ಸೆಲ್ ದಿನಗಟ್ಟಲೆ ಬರುತ್ತದೆ, ಆದರೆ ಅದರಲ್ಲಿ ಮ್ಯಾಪ್ ಇಲ್ಲ. ಬರೀ ಗೆರೆ ಮತ್ತು ಬಾಣ. ನನ್ನ ಕತೆ ಓದಿದಿರಲ್ಲ, ಬೇಡ.

ದಟ್ಟ ಕಾಡು, ಬಂಡೆ ಕಮರಿ ಜಾಸ್ತಿ ಎಂದಾದರೆ ಉಪಗ್ರಹ ಕಳಿಸುವ ಎಲ್1, ಎಲ್5 ಎಂಬ ಎರಡೂ ತರಂಗ ಹಿಡಿಯುವುದು ನೋಡಿ, ಜಿಪಿಎಸ್‌ಮ್ಯಾಪ್ 65 ಥರದ್ದು. ಸಿಗ್ನಲ್ ಬಂಡೆಗೆ ಬಡಿದು ಸುತ್ತಿ ಬಂದರೆ ಜಾಗ ತಪ್ಪಿ ತೋರಿಸುತ್ತದೆ, ಎರಡು ತರಂಗ ಇದ್ದರೆ ಆ ತಪ್ಪು ಕಡಿಮೆ. ನಮ್ಮ ಹುಲ್ಲುಗುಡ್ಡಗಳ ಮೇಲೆ ಆಕಾಶ ಪೂರ್ತಿ ತೆರೆದಿರುತ್ತದೆ, ಅಲ್ಲಿ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ.

ಜೇಬಿನಲ್ಲಿ ಒಂದು ಮಾಮೂಲಿ ಸೂಜಿ ದಿಕ್ಸೂಚಿಯೂ ಇರಲಿ. ಸೂಜಿ ತೋರಿಸುವ ಉತ್ತರಕ್ಕೂ ನಿಜವಾದ ಉತ್ತರಕ್ಕೂ ನಮ್ಮ ಕಡೆ ಎರಡು ಡಿಗ್ರಿಯಷ್ಟೂ ವ್ಯತ್ಯಾಸ ಇಲ್ಲ, ಲೆಕ್ಕ ಹಾಕುವ ತಲೆನೋವು ಬೇಡ. ಆದರೆ ಕುದುರೆಮುಖ, ಬಾಬಾಬುಡನ್‌ಗಿರಿ ಎರಡೂ ಕಬ್ಬಿಣದ ಅದಿರಿನ ಬೆಟ್ಟ. 2005ರ ಕೊನೆಯ ತನಕ ಕುದುರೆಮುಖದಲ್ಲಿ ತೆಗೆಯುತ್ತಿದ್ದದ್ದು ಮ್ಯಾಗ್ನೆಟೈಟ್ ಅದಿರೇ, ಸೂಜಿಯನ್ನು ಎಳೆಯುವ ಕಲ್ಲು. ಅಂಥ ಕಪ್ಪು ಬಂಡೆಯ ಮೇಲಿಟ್ಟು ದಿಕ್ಕು ನೋಡಬೇಡಿ. ನಾಲ್ಕು ಹೆಜ್ಜೆ ಆಚೆ ಹೋಗಿ ಇನ್ನೊಂದು ಸಲ ನೋಡಿ.

ಯಾರಾದರೂ ವಾಟ್ಸಾಪಿನಲ್ಲಿ ಜಾಗದ ಅಕ್ಷಾಂಶ, ರೇಖಾಂಶದ ಅಂಕಿ ಕಳಿಸಿದರೆ ಅದು ಯಾವ ಥರದ್ದು ಎಂದು ಕೇಳಿ. ಮುಳ್ಳಯ್ಯನಗಿರಿ ಇರುವುದು ಅಕ್ಷಾಂಶ 13.39 ಡಿಗ್ರಿಯಲ್ಲಿ, ಅಂದರೆ 13 ಡಿಗ್ರಿ 23 ನಿಮಿಷ. ಇದನ್ನೇ 13 ಡಿಗ್ರಿ 39 ನಿಮಿಷ ಎಂದು ಒತ್ತಿದರೆ ಸುಮಾರು 30 ಕಿಲೋಮೀಟರ್ ಉತ್ತರಕ್ಕೆ, ತರೀಕೆರೆ ಕಡೆ ಹೋಗುತ್ತೀರಿ. ನಗಬೇಡಿ, ನಾನು ಒತ್ತಿದ್ದೇನೆ.

ಇನ್ನೊಂದು ಮಾತು, ಜಿಪಿಎಸ್‌ಗೆ ಸಂಬಂಧವೇ ಇಲ್ಲದ್ದು. ಸಕಲೇಶಪುರ, ಆಲೂರು, ಮೂಡಿಗೆರೆ ಎಲ್ಲ ಆನೆ ಓಡಾಡುವ ಜಾಗ. ಸ್ಕ್ರೀನ್ ನೋಡುತ್ತಾ ನಡೆಯಬೇಡಿ. ನೋಡಬೇಕಾದರೆ ನಿಂತು ನೋಡಿ, ಮೊದಲು ಸುತ್ತ ಕಿವಿಗೊಟ್ಟು.

ಕೊನೆಗೆ ನಿಮ್ಮ ಅಣ್ಣನ ವಿಷಯ, ಇದು ಮುಖ್ಯ. ಅಮೆರಿಕದಲ್ಲಿ ಉಪಗ್ರಹದ ಮೂಲಕ ಮೆಸೇಜ್ ಕಳಿಸುವ ಇನ್‌ರೀಚ್ ಥರದವು ಅಂಗಡಿಯಲ್ಲೇ ಸಿಗುತ್ತವೆ. ನಮ್ಮ ದೇಶದಲ್ಲಿ ಟೆಲಿಕಾಂ ಇಲಾಖೆಯ ಅನುಮತಿ ಇಲ್ಲದೆ ಅದನ್ನು ಇಟ್ಟುಕೊಳ್ಳುವಂತಿಲ್ಲ. ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದು ಕೇಸ್ ಹಾಕಿಸಿಕೊಂಡ ಪ್ರವಾಸಿಗಳಿದ್ದಾರೆ. ಹೆಸರಿನಲ್ಲಿ ಒಂದೇ ಅಕ್ಷರ ಬೇರೆ: ಜಿಪಿಎಸ್‌ಮ್ಯಾಪ್ 67 ಬರೀ ಸಿಗ್ನಲ್ ಕೇಳಿಸಿಕೊಳ್ಳುತ್ತದೆ, 67ಐ ತಾನೂ ಮಾತಾಡುತ್ತದೆ. 66ಐ ಕೂಡ ಹಾಗೆಯೇ. ದುಡ್ಡು ಕೊಡುವ ಮೊದಲು ಡಬ್ಬದ ಮೇಲಿನ ಹೆಸರಿನ ಫೋಟೋ ಕಳಿಸಲು ಅಣ್ಣನಿಗೆ ಹೇಳಿ. ಅದರೊಳಗೆ ಬರುವುದು ಹೇಗೂ ಅಮೆರಿಕದ ಮ್ಯಾಪೇ ಆಗಿರುತ್ತದೆ, ಒಂದು ಖಾಲಿ ಮೆಮೊರಿ ಕಾರ್ಡನ್ನೂ ತರಲಿ. ಮ್ಯಾಪ್ ಹಾಕುವಾಗ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಇಲ್ಲೇ ಕೇಳಿ, ಸಂಜೆ ಹೊತ್ತು ನೋಡುತ್ತಿರುತ್ತೇನೆ.