ಊತವಿಲ್ಲ, ಗಾಯವಿಲ್ಲ, ಆದ್ರೂ ಕುದುರೆ ಕುಂಟುತ್ತಿದೆ

ಪ್ರಶ್ನೆ: ಡಾಕ್ಟ್ರೇ, ನಾವು ಗುಬ್ಬಿ ಕಡೆಯವರು. ಮದುವೆ ಮೆರವಣಿಗೆಗೆ ಕಳಿಸುವ ಒಂದು ಹೆಣ್ಣು ಕುದುರೆ ಇದೆ, 9 ವರ್ಷ. ಹೊಸ ಲಾಳ ಹೊಡೆಸಿ ಎಂಟು ದಿನ ಆಗಿತ್ತು. ಮೊನ್ನೆ ಬೆಳಿಗ್ಗೆ ನೋಡಿದರೆ ಬಲ ಮುಂಗಾಲು ಊರುತ್ತಲೇ ಇಲ್ಲ. ಎಲ್ಲೂ ಊತ ಇಲ್ಲ, ಗಾಯ ಇಲ್ಲ. ಹೆಗಲು ಉಳುಕಿದೆ ಅಂತ ಊರವರು ಹೇಳಿದರು, ಹರಳೆಣ್ಣೆ ಬಿಸಿ ಮಾಡಿ ನೀವಿದ್ದೇವೆ. ಕಡಿಮೆ ಆಗಿಲ್ಲ. ಮುಂದಿನ ವಾರ ಒಂದು ಮೆರವಣಿಗೆ ಒಪ್ಪಿಕೊಂಡಿದ್ದೇವೆ, ಕಳಿಸಬಹುದಾ?

ಉತ್ತರ: ಹೆಗಲು ಬಿಡಿ, ಮೊದಲು ಗೊರಸು ನೋಡಿ. ಕುದುರೆ ಮುಂಗಾಲು ಕುಂಟಿದರೆ ಜಾಸ್ತಿ ಸಲ ತೊಂದರೆ ಇರುವುದು ಗೊರಸಿನ ಒಳಗೇ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಒಂದು ಕುದುರೆಗೆ ನಾಲ್ಕು ದಿನ ಹೆಗಲಿಗೇ ಔಷಧ ಮಾಡಿದ್ದೆ. ಐದನೇ ದಿನ ಅದರ ಗೊರಸಿನ ಅಂಚು ಒಡೆದು ಕೀವು ಬಂತು. ಆ ಮಾಲೀಕರ ಮುಖ ನೋಡೋಕೆ ಆಗಲಿಲ್ಲ.

ಊತ ಇಲ್ಲ ಅಂದಿರಲ್ಲ, ನನಗೆ ಅನುಮಾನ ಬಂದಿದ್ದೇ ಅಲ್ಲಿ. ನಿಮಗೆ ಯಾವತ್ತಾದರೂ ಉಗುರುಸುತ್ತು ಆಗಿ, ಬೆರಳಿಗೆ ನಿಂಬೆಹಣ್ಣು ಸಿಕ್ಕಿಸಿಕೊಂಡು ರಾತ್ರಿಯೆಲ್ಲ ಕೂತಿದ್ದೀರಾ? ಒಳಗೆ ಕೀವು ತುಂಬಿದೆ, ಮೇಲೆ ಉಗುರು ಗಟ್ಟಿ, ಹೊರಗೆ ಬರೋಕೆ ಜಾಗ ಇಲ್ಲ, ಅದಕ್ಕೇ ಅಷ್ಟು ನೋವು. ಕುದುರೆಯ ಗೊರಸು ಅಂದರೆ ಸುತ್ತಲೂ ಉಗುರೇ ಇರುವ ಡಬ್ಬಿ. ಅದು ಊದಿಕೊಳ್ಳೋಕೆ ಆಗಲ್ಲ. ಆ ಉಗುರುಸುತ್ತಿನ ಮೇಲೆ ನಿಮ್ಮ ಕುದುರೆ ತನ್ನ ಭಾರ ಹಾಕಬೇಕು. ನಿಂತಾಗ ಮೈಭಾರದ ನೂರಕ್ಕೆ ಸುಮಾರು 60 ಪಾಲು ಮುಂಗಾಲುಗಳ ಮೇಲೇ ಬೀಳುತ್ತದೆ. 350 ಕೆಜಿ ಕುದುರೆಯಾದರೆ ಎರಡು ಮುಂಗಾಲಿಗೆ 210 ಕೆಜಿ. ಊರದೇ ಇರೋದರಲ್ಲಿ ಏನು ಆಶ್ಚರ್ಯ?

ಆ ಡಬ್ಬಿಯೊಳಗೆ ಏನಿದೆ ಅಂತ ಸ್ವಲ್ಪ ಹೇಳುತ್ತೇನೆ. ಗೊರಸಿನ ಆಕಾರದ್ದೇ ಒಂದು ಮೂಳೆ ಇದೆ, ನಾವು ಕಾಫಿನ್ ಬೋನ್ ಅಂತೀವಿ. ಅದು ಅಂಗಾಲಿನ ಮೇಲೆ ಕೂತಿಲ್ಲ, ಗೊರಸಿನ ಗೋಡೆಗೆ ತೂಗು ಹಾಕಿದ ಹಾಗೆ ಇದೆ. ಹಿಡಿದಿರೋದು ಸುಮಾರು 550ರಿಂದ 600 ತೆಳು ಎಸಳುಗಳು, ಅಣಬೆ ತಿರುವಿದರೆ ಅಡಿಯಲ್ಲಿ ಕಾಣುತ್ತವಲ್ಲ, ಹಾಗೆ. ಅವಕ್ಕೆ ರಕ್ತವೂ ಇದೆ, ನರವೂ ಇದೆ. ಹೊರಗಿನ ಗೋಡೆಗೆ ಎರಡೂ ಇಲ್ಲ, ಹಾಗಾಗಿ ಅಲ್ಲಿ ಮೊಳೆ ಹೊಡೆದರೆ ನೋವಾಗಲ್ಲ. ಗೊರಸು ತಿರುವಿ ನೋಡಿದಾಗ ಗೋಡೆಗೂ ಅಂಗಾಲಿಗೂ ಮಧ್ಯೆ ಒಂದು ತಿಳಿ ಬಣ್ಣದ ಗೆರೆ ಕಾಣುತ್ತದೆ. ಮೊಳೆ ಆ ಗೆರೆಯಿಂದ ಹೊರಗೆ ಹೋಗಬೇಕು. ಒಳಗೆ ಹೋಗಿ ಚುಚ್ಚಿದರೆ ಕುದುರೆ ಅಲ್ಲೇ ಕಾಲು ಎಳೆದುಕೊಳ್ಳುತ್ತದೆ. ಬರೀ ಒತ್ತಿಕೊಂಡಿದ್ದರೆ ಒಂದೆರಡು ದಿನ ಬಿಟ್ಟು ಕುಂಟುತ್ತದೆ. ಚುಚ್ಚಿದ ಕಡೆ ನಂಜಾಗಿ ಕೀವು ಕಟ್ಟೋಕೆ ಇನ್ನೂ ಕೆಲವು ದಿನ ಬೇಕು, ನಿಮ್ಮ ಎಂಟು ದಿನದ ಲೆಕ್ಕ ಇದಕ್ಕೆ ಸರಿಯಾಗಿ ಕೂರುತ್ತದೆ. ಲಾಳ ಕಟ್ಟಿದವರನ್ನು ಬೈಯಬೇಡಿ, ಕುದುರೆ ಕಾಲು ಕೊಸರಿದರೆ ಎಂಥ ಕೈಯೂ ಒಮ್ಮೆ ತಪ್ಪುತ್ತದೆ.

ಈಗ ಮನೆಯಲ್ಲೇ ನೋಡಬಹುದಾದ ಎರಡು ವಿಷಯ. ಗೊರಸಿನ ಮೇಲೆ ಮೊದಲು ಸಿಗುವ ಗಿಣ್ಣಿನ ಹಿಂಭಾಗದಲ್ಲಿ, ಎರಡೂ ಪಕ್ಕಕ್ಕೆ ಬೆರಳಿಟ್ಟು ನಾಡಿ ನೋಡಿ. ಚೆನ್ನಾಗಿರುವ ಕಾಲಿನಲ್ಲಿ ಅದು ಸಿಗೋದೇ ಕಷ್ಟ. ಕೀವಿದ್ದರೆ ಬೆರಳಿಗೆ ದಬದಬ ಅಂತ ಬಡಿಯುತ್ತದೆ. ಎಡಗಾಲು, ಬಲಗಾಲು ಎರಡನ್ನೂ ಹೋಲಿಸಿ, ಗೊರಸು ಬಿಸಿ ಇದೆಯಾ ಅಂತಲೂ ಮುಟ್ಟಿ ನೋಡಿ. ನಡೆಸಿ ನೋಡುವ ವಿಧಾನವೂ ಇದೆ. ನೋಯುವ ಮುಂಗಾಲು ನೆಲಕ್ಕೆ ತಾಕಿದಾಗ ಕುದುರೆ ತಲೆ ಮೇಲೆತ್ತುತ್ತದೆ, ಚೆನ್ನಾಗಿರುವ ಕಾಲು ಊರಿದಾಗ ಇಳಿಸುತ್ತದೆ. ನಿಮ್ಮದು ಕಾಲೇ ಊರುತ್ತಿಲ್ಲವಲ್ಲ, ಅದನ್ನು ಸುಮ್ನೆ ಓಡಾಡಿಸಬೇಡಿ.

ಪಶುವೈದ್ಯರು ಬಂದು ಒಂದೊಂದೇ ಮೊಳೆ ಎಳೆಸುತ್ತಾರೆ. ಒದ್ದೆಯಾಗಿ, ಕಪ್ಪಗೆ, ವಾಸನೆ ಹೊಡೆಯುವ ಮೊಳೆ ಯಾವುದೋ ಅಲ್ಲೇ ಕಳ್ಳ. ಸಣ್ಣ ದಾರಿ ಬಿಡಿಸಿದರೆ ಕೀವು ಹೊರಗೆ ಬಂದು, ಎಷ್ಟೋ ಸಲ ಮಾರನೇ ದಿನವೇ ಕಾಲು ಊರುತ್ತದೆ. ನೀವೇ ಚಾಕು ಹಿಡಿದು ಅಂಗಾಲು ಕೊರೆಯಬೇಡಿ, ಮೆಡಿಕಲ್ ಶಾಪಿನ ನೋವಿನ ಮಾತ್ರೆಯನ್ನೂ ಕೊಡಬೇಡಿ. ಧನುರ್ವಾಯು ಇಂಜೆಕ್ಷನ್ ಮಾತ್ರ ಕೇಳಿ ಹಾಕಿಸಿ. ಕುದುರೆಗೆ ಆ ರೋಗ ಬೇರೆ ಪ್ರಾಣಿಗಳಿಗಿಂತ ಬೇಗ ತಗಲುತ್ತದೆ.

ಇನ್ನೊಂದು ಮಾತು, ಇದನ್ನು ನೀವು ಕೇಳಿಲ್ಲ. ಮದುವೆ ಮನೆಯಲ್ಲಿ ಪ್ರೀತಿಯಿಂದ ಅನ್ನ, ಬೂಂದಿ, ಲಾಡು ಎಲ್ಲ ತಿನ್ನಿಸುತ್ತಾರೆ ಅಲ್ವಾ? ಅಷ್ಟು ಪಿಷ್ಟ, ಸಕ್ಕರೆ ಒಟ್ಟಿಗೆ ಹೊಟ್ಟೆಗೆ ಹೋದರೆ ಆ ಎಸಳುಗಳೇ ಉರಿದು ಮೂಳೆಯ ಹಿಡಿತ ಸಡಿಲವಾಗುತ್ತದೆ. ಆಗ ಸಾಮಾನ್ಯವಾಗಿ ಎರಡೂ ಮುಂಗಾಲು ನೋಯುತ್ತವೆ, ಕುದುರೆ ಭಾರವನ್ನೆಲ್ಲ ಹಿಂದಕ್ಕೆ ಹಾಕಿ ನಿಲ್ಲುತ್ತದೆ. ಅದು ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ. ಕಾಲುಗಳನ್ನು ಐಸ್ ನೀರಿನಲ್ಲಿ ನಿಲ್ಲಿಸಿ, ಡಾಕ್ಟರಿಗೆ ಫೋನ್ ಮಾಡಿ.

ಮೆರವಣಿಗೆ ವಿಷಯಕ್ಕೆ ಬಂದರೆ, ಬೇಡ. ಕುಂಟು ನಿಂತರೂ ತೂತು ಒಣಗಬೇಕು, ಬ್ಯಾಂಡೇಜ್ ಕಟ್ಟಿ ಒಣ ಜಾಗದಲ್ಲಿ ಇಟ್ಟುಕೊಳ್ಳಬೇಕು, ಆಮೇಲೆ ಲಾಳ. ಗೊರಸು ತಿಂಗಳಿಗೆ ಬೆಳೆಯೋದು 1 ಸೆಂ.ಮೀ. ಒಳಗೇ. ಮದುವೆಯವರಿಗೆ ಇವತ್ತೇ ಹೇಳಿಬಿಡಿ, ಬೇರೆ ಕುದುರೆ ಹುಡುಕಿಕೊಳ್ಳಲಿ.