ಎರಡು ವರ್ಷದ ಮಗನನ್ನು ಕರೆದುಕೊಂಡು ಯಲ್ಲಮ್ಮನ ಗುಡ್ಡದ ಸಾಲಿನಲ್ಲಿ ನಿಲ್ಲುವುದು ಹೇಗೆ?

ನೀವು ಕೇಳಿದ್ದು ಇಷ್ಟು: ವಿಜಯಪುರದಿಂದ ಭಾರತ ಹುಣ್ಣಿಮೆಗೆ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಬರುತ್ತೀರಿ. ಅತ್ತೆಯವರ ಹರಕೆ ಇದೆ. ಜೊತೆಗೆ ಎರಡು ವರ್ಷ ದಾಟಿದ ಮಗ ಇದ್ದಾನೆ, ಐದು ನಿಮಿಷ ಒಂದು ಕಡೆ ನಿಲ್ಲುವವನಲ್ಲ. ಕೈಗೆ ಮೊಬೈಲ್ ಕೊಟ್ಟು ಕೂರಿಸಲು ನಿಮಗೆ ಮನಸ್ಸಿಲ್ಲ. ಅಷ್ಟುದ್ದ ಸಾಲಿನಲ್ಲಿ ಅವನನ್ನು ಹೇಗೆ ಸಂಭಾಳಿಸುವುದು?

ನಾನು ಬೈಲಹೊಂಗಲದವನು. ಗುಡ್ಡ ನಮಗೆ ಹತ್ತಿರ, ಮನೆಗೆ ನೆಂಟರು ಬಂದರೆ ಗುಡ್ಡಕ್ಕೆ ಕರೆದುಕೊಂಡು ಹೋಗುವ ಕೆಲಸ ನನ್ನದೇ. ಇಬ್ಬರು ಮಕ್ಕಳಿದ್ದಾರೆ, ಇಬ್ಬರೂ ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವರು. ಹಾಗಾಗಿ ಗೊತ್ತಿರುವುದನ್ನು ಹೇಳುತ್ತೇನೆ.

ಮೊದಲು ಒಂದು ಮಾತು. ಸಾಲಿನಲ್ಲಿ ನಿಲ್ಲಬೇಕಾದವರು ದೊಡ್ಡವರು. ಕೂಸು ನಿಲ್ಲಲೇಬೇಕು ಅಂತ ಯಾರು ಹೇಳಿದರು? ನಮ್ಮ ಕಡೆ ಮನೆಮಂದಿಯೆಲ್ಲ ಒಟ್ಟಿಗೆ ಸಾಲಿನೊಳಗೆ ಹೊಕ್ಕುಬಿಡುತ್ತಾರೆ. ಅಜ್ಜಿ, ಅತ್ತೆ, ಸೊಸೆ, ಮೂರು ಮಕ್ಕಳು, ಹಣ್ಣುಕಾಯಿಯ ಚೀಲ, ಎಲ್ಲ ಒಂದೇ ಕಡೆ. ಅರ್ಧ ತಾಸಿಗೆ ಸಣ್ಣದು ಅಳುತ್ತದೆ, ಆಮೇಲೆ ಎಲ್ಲರೂ ಸೇರಿ ಅದನ್ನು ಬೈಯುತ್ತಾರೆ. ಅದರ ಬದಲು ಇಬ್ಬರು ಸಾಲಿನಲ್ಲಿ ನಿಲ್ಲಲಿ, ಒಬ್ಬರು ಮಗುವಿನ ಜೊತೆ ಹೊರಗೆ ಓಡಾಡಿಕೊಂಡಿರಲಿ. ಸಾಲು ಗುಡಿಯ ಹತ್ತಿರ ಬಂದಾಗ ಫೋನ್ ಮಾಡಿದರೆ ಸಾಕು. ಹೊರಗೆ ಇರುವ ಕೆಲಸವನ್ನು ಗಂಡಸರು ಹಿಡಿದರೆ ಒಳ್ಳೆಯದು. ಎರಡು ವರ್ಷದವನ ಹಿಂದೆ ಓಡುವುದೂ ಒಂದು ಸೇವೆಯೇ ಅಂತ ನಿಮ್ಮ ಯಜಮಾನರಿಗೆ ಹೇಳಿ.

ಇದಕ್ಕೆ ಒಂದು ತೊಡಕಿದೆ. ಕಂಬಿ ಕಟ್ಟಿದ ಸಾಲಿನಲ್ಲಿ ನಡುವೆ ಬಂದು ಸೇರುವುದು ಕಷ್ಟ. ಜಾತ್ರೆಯ ದಿನವಂತೂ ಹಿಂದಿನವರು ಬಿಡುವುದಿಲ್ಲ, ಬಿಡದಿದ್ದರೆ ಅವರ ತಪ್ಪೂ ಅಲ್ಲ. ಅದಕ್ಕೇ ಸಾಲು ಹಿಡಿದ ತಕ್ಷಣ ಹಿಂದೆ ಮುಂದೆ ನಿಂತವರಿಗೆ ಹೇಳಿಟ್ಟುಬಿಡಿ. ‘ಅಣ್ಣಾರ, ನಮ್ಮ ಕೂಸು ಹೊರಗೈತ್ರಿ, ಆಮ್ಯಾಗ ಅವರಪ್ಪ ಎತ್ಕೊಂಡು ಬರ್ತಾರ್ರಿ’ ಅಂದರೆ ಯಾರೂ ಬೇಡ ಅನ್ನುವುದಿಲ್ಲ. ಹೇಳದೆ ಕೊನೆಗೆ ನುಗ್ಗಿದಾಗಲೇ ಜಗಳ. ಮತ್ತೆ ಸೇರಲು ದಾರಿಯೇ ಇಲ್ಲದ ಹಾಗೆ ಎರಡೂ ಬದಿ ಮುಚ್ಚಿದ್ದರೆ, ಒಳಗೆ ಹೋಗುವ ಮುಂಚೆಯೇ ಅಲ್ಲಿನ ಪೊಲೀಸರನ್ನೋ ಗುಡಿಯವರನ್ನೋ ಕೇಳಿ. ಕೂಸು ಎತ್ತಿಕೊಂಡವರಿಗೆ ಯಾವ ಬಾಗಿಲು ಅಂತ ಕೇಳುವುದರಲ್ಲಿ ನಾಚಿಕೆ ಏನಿಲ್ಲ.

ಇನ್ನು ದಿನದ ವಿಷಯ. ಗುಡ್ಡದಲ್ಲಿ ಮಂಗಳವಾರ, ಶುಕ್ರವಾರ, ಹುಣ್ಣಿಮೆ ಈ ದಿನಗಳಲ್ಲೇ ಜನ ಜಾಸ್ತಿ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಿಗೆ ಕರ್ನಾಟಕದವರಷ್ಟೇ ಅಲ್ಲ, ಮಹಾರಾಷ್ಟ್ರ, ಗೋವಾ, ಆಂಧ್ರದ ಕಡೆಯಿಂದಲೂ ಲಕ್ಷಗಟ್ಟಲೆ ಜನ ಬರುತ್ತಾರೆ. ಹರಕೆ ಹುಣ್ಣಿಮೆಯದ್ದೇ ಆಗಿದ್ದರೆ ಬೇರೆ ಮಾತು. ‘ಗುಡ್ಡಕ್ಕೆ ಬರ್ತೀನಿ’ ಅಂತ ಮಾತ್ರ ಬೇಡಿಕೊಂಡಿದ್ದರೆ, ಹುಣ್ಣಿಮೆ ಕಳೆದು ಒಂದು ವಾರ ಬಿಟ್ಟು ಬುಧವಾರವೋ ಗುರುವಾರವೋ ಬನ್ನಿ. ಅತ್ತೆಯವರು ಒಪ್ಪುವುದು ಕಷ್ಟ ಅಂತ ನನಗೂ ಗೊತ್ತು. ಒಮ್ಮೆ ಕೇಳಿ ನೋಡಿ, ಮೊಮ್ಮಗನ ಹೆಸರು ಹೇಳಿದರೆ ಕೆಲವು ಸಲ ಕೆಲಸ ಆಗುತ್ತದೆ.

ದೂರದಿಂದ ಬರುವವರು ಇನ್ನೊಂದು ವಿಷಯ ಮರೆಯುತ್ತಾರೆ. ಮಗುವಿಗೆ ಸಾಲು ಶುರುವಾಗುವುದು ಗುಡ್ಡದಲ್ಲಲ್ಲ, ವಿಜಯಪುರದಲ್ಲಿ ಬಸ್ಸೋ ಕಾರೋ ಹತ್ತಿದಾಗಲೇ. ಬಾಗಲಕೋಟೆ, ಲೋಕಾಪುರ ದಾಟಿ ಬರುವಷ್ಟರಲ್ಲಿ ಅವನು ತಾಸುಗಟ್ಟಲೆ ತೊಡೆಯ ಮೇಲೆ ಕೂತಿರುತ್ತಾನೆ. ಇಳಿದ ಕೂಡಲೇ ಮತ್ತೆ ಎತ್ತಿಕೊಂಡು ಸಾಲಿಗೆ ನಿಂತರೆ ರಂಪ ಮಾಡದೆ ಇನ್ನೇನು ಮಾಡುತ್ತಾನೆ? ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳ ಬಗ್ಗೆ ಕೊಟ್ಟ ಸಲಹೆಯಲ್ಲೂ ಇದೇ ಇದೆ. ತಳ್ಳುಗಾಡಿಯಲ್ಲಿ ಕೂರಿಸಿಯೋ ಬೆನ್ನಿಗೆ ಕಟ್ಟಿಕೊಂಡೋ ಒಂದೇ ಸಮ ಒಂದು ತಾಸಿಗಿಂತ ಹೆಚ್ಚು ಹಿಡಿದಿಡಬಾರದು, ಒಂದರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಕಡಿಮೆ ಅಂದರೂ 180 ನಿಮಿಷ ಮೈ ಆಡಿಸಬೇಕು ಅನ್ನುತ್ತದೆ ಅದು. ಅಂದರೆ ನಿಮ್ಮ ಮಗ ಹಟಮಾರಿ ಏನಲ್ಲ. ಆ ವಯಸ್ಸಿನ ಮೈಗೆ ಓಡಾಟ ಬೇಕು, ಅಷ್ಟೇ. ಹಾಗಾಗಿ ದಾರಿಯಲ್ಲಿ ಎರಡು ಕಡೆ ನಿಲ್ಲಿಸಿ ಓಡಲು ಬಿಡಿ. ಗುಡ್ಡಕ್ಕೆ ಬಂದ ಮೇಲೂ ಸಾಲು ಹಿಡಿಯುವ ಮುಂಚೆ ಚೆನ್ನಾಗಿ ಸುತ್ತಾಡಿಸಿ. ಹೇಗೂ ಜೋಗುಳಬಾವಿ, ಎಣ್ಣೆ ಹೊಂಡ ಅಂತ ದೊಡ್ಡವರಿಗೆ ಓಡಾಟ ಇದ್ದೇ ಇರುತ್ತದೆ. ನೀರಿನ ಹತ್ತಿರ ಮಾತ್ರ ಕೈ ಬಿಡಬೇಡಿ.

ನಿದ್ದೆ ಮುಗಿಸಿದ ಮೇಲೆ ಸಾಲಿಗೆ ಹೋಗಿ ಅಂತ ಎಲ್ಲರೂ ಹೇಳುತ್ತಾರೆ. ನಾನು ಅಷ್ಟು ಖಡಾಖಂಡಿತವಾಗಿ ಹೇಳುವುದಿಲ್ಲ. ಹೆಗಲ ಮೇಲೆ ಮಲಗುವ ಕೂಸಾದರೆ ನಿದ್ದೆಯ ಹೊತ್ತಿಗೇ ಸಾಲು ಹಿಡಿಯಿರಿ, ಅರ್ಧ ಸಾಲು ನಿದ್ದೆಯಲ್ಲೇ ಮುಗಿಯುತ್ತದೆ. ಗದ್ದಲಕ್ಕೆ ಕಣ್ಣು ಮುಚ್ಚದ ಕೂಸಾದರೆ ಮಲಗಿ ಎದ್ದ ಮೇಲೇ ಹೊರಡಿ. ನಿಮ್ಮ ಮಗ ಯಾವ ಥರ ಅಂತ ನಿಮಗೇ ಗೊತ್ತಿರುತ್ತದಲ್ವಾ.

ಇಷ್ಟೆಲ್ಲ ಮಾಡಿದರೂ ಕೊನೆಯ ಒಂದು ಭಾಗ ಅವನನ್ನು ಎತ್ತಿಕೊಂಡೇ ನಿಲ್ಲಬೇಕಾಗುತ್ತದೆ. ಆಗ ಆಟಿಕೆಗಿಂತ ಕೆಲಸ ಕೊಡುವುದು ಉತ್ತಮ. ಮನೆಯ ಆಟಿಕೆ ಅವನಿಗೆ ಹಳೆಯದು, ಎರಡು ನಿಮಿಷಕ್ಕೆ ಎಸೆಯುತ್ತಾನೆ, ಜನರ ಕಾಲಡಿ ಹೋದರೆ ಮತ್ತೆ ಸಿಗುವುದೂ ಇಲ್ಲ. ನನ್ನ ಚೀಲದಲ್ಲಿ ಯಾವಾಗಲೂ ಇರುವುದು ಒಂದು ದೊಡ್ಡ ಕರವಸ್ತ್ರ ಮತ್ತು ಬಟ್ಟೆ ಒಣಹಾಕುವ ನಾಲ್ಕು ಕ್ಲಿಪ್ಪು. ಕರವಸ್ತ್ರದೊಳಗೆ ಒಂದು ಬಳೆಯನ್ನೋ ಚಮಚವನ್ನೋ ಇಟ್ಟು ಗಂಟು ಹಾಕಿ ಕೊಡಿ. ಬಿಚ್ಚುತ್ತಾನೆ. ಮತ್ತೆ ಕಟ್ಟಿ ಕೊಡಿ. ಅಜ್ಜಿಯಂದಿರು ಸೆರಗಿಗೆ ದುಡ್ಡು ಕಟ್ಟಿಕೊಳ್ಳುವುದನ್ನು ನೋಡಿದ ಮಕ್ಕಳಿಗೆ ಆ ಗಂಟು ಬಿಚ್ಚುವ ಹುಚ್ಚು ಇದ್ದೇ ಇರುತ್ತದೆ. ಕ್ಲಿಪ್ಪನ್ನು ನಿಮ್ಮ ಸೆರಗಿಗೋ ಅವರಪ್ಪನ ಕಾಲರಿಗೋ ಸಿಕ್ಕಿಸಿ ತೋರಿಸಿ, ಉಳಿದದ್ದು ಅವನೇ ಮಾಡುತ್ತಾನೆ. ಸಡಿಲಾದ ಹಳೆಯ ಕ್ಲಿಪ್ ತನ್ನಿ, ಹೊಸದು ಬೆರಳು ಕಚ್ಚುತ್ತದೆ. ಎಲ್ಲವನ್ನೂ ಒಟ್ಟಿಗೆ ಹೊರಗೆ ತೆಗೆಯಬೇಡಿ, ಒಂದು ಬೇಸರವಾದ ಮೇಲೆ ಇನ್ನೊಂದು.

ಹುಂಡಿಗೆ ಹಾಕಲು ಕೈಗೆ ನಾಣ್ಯ ಕೊಡುವವರಿದ್ದಾರೆ. ಕೊಡಬೇಡಿ. ಈ ವಯಸ್ಸಿನಲ್ಲಿ ನಾಣ್ಯ ಬಾಯಿಗೇ ಹೋಗುವುದು. ವೀಳ್ಯದೆಲೆ ಕೊಡಿ, ಹರಿಯಲಿ. ಹತ್ತು ರೂಪಾಯಿ ನೋಟು ಕೊಟ್ಟು ‘ಅವ್ವಗ ನೀನೇ ಕೊಡಬೇಕು’ ಅಂತ ಹೇಳಿ, ಗಟ್ಟಿಯಾಗಿ ಹಿಡಿದುಕೊಂಡೇ ಬರುತ್ತಾನೆ. ಬೆವರಿಗೆ ಒದ್ದೆಯಾದರೆ ಆಗಲಿ ಬಿಡಿ.

‘ಇನ್ನೊಂದು ಹತ್ತು ನಿಮಿಷ ಕಣೋ’ ಅಂತ ಹೇಳಿ ಪ್ರಯೋಜನ ಇಲ್ಲ. ಅವನಿಗೆ ಹತ್ತು ನಿಮಿಷವೂ ಒಂದೇ, ನಾಳೆಯೂ ಒಂದೇ. ಕಣ್ಣಿಗೆ ಕಾಣುವುದನ್ನು ಹೇಳಿ. ‘ಆ ಕೆಂಪು ಕಂಬದ ತನಕ ಹೋದ ಮೇಲೆ ಬಾಳೆಹಣ್ಣು. ಆ ಗಂಟೆಯ ತನಕ ಹೋದ ಮೇಲೆ ನೀರು.’ ಕಂಬ ಬಂದಾಗ ಮುಟ್ಟಲು ಬಿಡಿ. ಗುಡ್ಡದಲ್ಲಿ ನೋಡಲು, ಕೇಳಲು ಬೇಕಾದಷ್ಟಿದೆ, ಅದು ನಿಮ್ಮ ಅದೃಷ್ಟ. ಚೌಡಕಿ ಬಾರಿಸುವವರು ಬರುತ್ತಾರೆ, ತಲೆಯ ಮೇಲೆ ಪಡ್ಡಲಗಿ, ಅಂದರೆ ದೇವಿಯ ಬುಟ್ಟಿ, ಹೊತ್ತವರು ಬರುತ್ತಾರೆ, ‘ಉಧೋ ಉಧೋ’ ಅನ್ನುತ್ತಾರೆ. ಕಿರುಚುವ ಆಸೆ ಇದ್ದರೆ ಅದೇ ಹೊತ್ತಿಗೆ ಅವನೂ ಕೂಗಲಿ. ಹಸಿರು ಬಳೆ ಯಾರ ಕೈಯಲ್ಲಿದೆ ಹುಡುಕು ಅಂದರೆ ಸುತ್ತಲಿನ ಹೆಂಗಸರೆಲ್ಲ ತಾವೇ ಕೈ ಮುಂದೆ ಚಾಚುತ್ತಾರೆ. ಹಿಂದೆ ನಿಂತ ಯಾವುದೋ ಊರಿನ ಅಜ್ಜಿ ‘ಬಾ ನನ್ನ ಕಡೆ’ ಅಂತ ಕರೆದರೆ ಕೊಡಿ, ನಿಮ್ಮ ಕಣ್ಣಳತೆಯಲ್ಲೇ ಇದ್ದರಾಯಿತು. ನಮ್ಮ ಸಾಲುಗಳಲ್ಲಿ ಕೂಸನ್ನು ಹತ್ತು ಜನ ಆಡಿಸುತ್ತಾರೆ. ಮೊಬೈಲಿನಲ್ಲಿ ಮುಖ ಮುಚ್ಚಿಕೊಂಡ ಕೂಸನ್ನು ಮಾತ್ರ ಯಾರೂ ಮಾತಾಡಿಸುವುದಿಲ್ಲ.

ಭಂಡಾರದ ಬಗ್ಗೆ, ಅಂದರೆ ಜನ ಎರಚುವ ಅರಿಷಿಣ ಪುಡಿಯ ಬಗ್ಗೆ, ಎಚ್ಚರ ಇರಲಿ. ಮೇಲಿನಿಂದ ಹಾರುತ್ತದೆ, ಕಣ್ಣಿಗೆ ಬಿದ್ದರೆ ಉರಿ, ಅಲ್ಲಿಗೆ ನಿಮ್ಮ ಎಲ್ಲ ಆಟವೂ ಮುಗಿದ ಹಾಗೆ. ಅಂಚು ಇರುವ ಹತ್ತಿಯ ಟೊಪ್ಪಿಗೆ ಹಾಕಿ, ಒಂದು ಒದ್ದೆ ಬಟ್ಟೆ ಡಬ್ಬಿಯಲ್ಲಿ ಇಟ್ಟುಕೊಳ್ಳಿ. ಹಳೆಯ ಅಂಗಿ ಹಾಕಿ, ಅರಿಷಿಣದ ಕಲೆ ಹೋಗುವುದಿಲ್ಲ. ಹೆಗಲ ಮೇಲೆ ಕೂರಿಸಿದರೆ ಮೇಲಿನ ತಗಡು, ಫ್ಯಾನು ನೋಡಿಕೊಳ್ಳಿ. ಎತ್ತಿಕೊಂಡವರಿಗೆ ತಲೆಯ ಮೇಲೆ ಏನಿದೆ ಅಂತ ಗೊತ್ತಾಗುವುದಿಲ್ಲ, ಹಿಂದೆ ನಿಂತವರಿಗೆ ನೋಡಲು ಹೇಳಿ.

ತಿನ್ನುವುದರಲ್ಲಿ ನಮ್ಮ ಕಡೆಯ ದೊಡ್ಡ ಅಪಾಯ ಶೇಂಗಾ. ಯಾರನ್ನು ನೋಡಿದರೂ ಒಂದು ಹಿಡಿ ಶೇಂಗಾ ಕೊಡುವ ನಾಡು ನಮ್ಮದು. ಇಡಿ ಶೇಂಗಾ, ಪುಟಾಣಿ, ಇಡಿ ದ್ರಾಕ್ಷಿ ಇವನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು ಅಂತ ಮಕ್ಕಳ ವೈದ್ಯರು ಹೇಳುವುದು ಸುಮ್ನೆ ಅಲ್ಲ. ಅಗಿಯುವ ಹಲ್ಲು ಪೂರ್ತಿ ಬಂದಿರುವುದಿಲ್ಲ. ನಗುತ್ತಲೋ ಅಳುತ್ತಲೋ ಇರುವಾಗ ಕಾಳು ಸೀದಾ ಉಸಿರಿನ ನಾಳಕ್ಕೆ ಇಳಿಯುತ್ತದೆ. ಸಾಲಿನ ನೂಕುನುಗ್ಗಲಿನಲ್ಲಿ ಅದು ಬೇಡವೇ ಬೇಡ. ಗೋಕಾಕದ್ದಾಗಲಿ ಅಮೀನಗಡದ್ದಾಗಲಿ ಕರದಂಟು ಊರಿಗೆ ಒಯ್ಯಿರಿ, ಅವನ ಬಾಯಿಗೆ ಹಾಕಬೇಡಿ. ಶೇಂಗಾ ಹೋಳಿಗೆ ಪರವಾಗಿಲ್ಲ, ಅದರಲ್ಲಿರುವುದು ಪುಡಿ. ಸಣ್ಣ ಸಣ್ಣ ತುಂಡು ಮಾಡಿ ಡಬ್ಬಿಯಲ್ಲಿ ಹಾಕಿಕೊಳ್ಳಿ. ಬೆಲ್ಲ ತುಪ್ಪ ಸವರಿದ ಚಪಾತಿ ಸುರುಳಿ, ಬಾಳೆಹಣ್ಣು, ಮೊಸರನ್ನ ಇಷ್ಟು ಸಾಕು. ಡಬ್ಬಿಯ ಮುಚ್ಚಳ ತೆಗೆಯುವುದು, ಹಾಕುವುದು ಅವನ ಕೆಲಸವಾಗಲಿ, ಅದರಲ್ಲೇ ಹೊತ್ತು ಹೋಗುತ್ತದೆ. ಜಾತ್ರೆಯ ಗುಲಾಬಿ ಬಣ್ಣದ ಬೊಂಬಾಯಿ ಮಿಠಾಯಿ ಬೇಡ. ಅದಕ್ಕೆ ಹಾಕುವ ಕೃತಕ ಬಣ್ಣವನ್ನು ನಮ್ಮ ಸರ್ಕಾರ 2024ರ ಮಾರ್ಚಿನಲ್ಲೇ ನಿಷೇಧಿಸಿದೆ. ಪೀಪಿಯನ್ನೂ ಸಾಲಿನಿಂದ ಹೊರಗೆ ಬಂದ ಮೇಲೆ ಕೊಡಿಸಿ, ನಿಮ್ಮ ಮುಂದೆ ನಿಂತವರು ಹರಸುತ್ತಾರೆ.

ಸಾಲಿಗೆ ಹೋಗುವ ಮುಂಚೆ ಒಂದಕ್ಕೆ ಮಾಡಿಸಿ. ಬೇಡ ಅಂದರೂ ಮಾಡಿಸಿ. ಹೆಚ್ಚಿಗೆ ಒಂದು ಚಡ್ಡಿ ಕೈಚೀಲದಲ್ಲಿರಲಿ, ಕಾರಿನಲ್ಲಿಟ್ಟರೆ ಉಪಯೋಗವಿಲ್ಲ.

ಮೊಬೈಲ್ ಬಗ್ಗೆ ನಾನು ನಿಮ್ಮಷ್ಟು ಬಿಗಿ ಇಲ್ಲ. ಎರಡು ವರ್ಷದವರಿಗೆ ದಿನಕ್ಕೆ ಒಂದು ತಾಸು ಮೀರದಿರಲಿ, ಕಡಿಮೆ ಇದ್ದಷ್ಟೂ ಒಳ್ಳೆಯದು ಅಂತ ಅದೇ ಆರೋಗ್ಯ ಸಂಸ್ಥೆ ಹೇಳಿದೆ. ತೊಂದರೆ ಇರುವುದು ಬೇರೆ ಕಡೆ. ಗರ್ಭಗುಡಿಯ ಮುಂದೆ ಬಂದಾಗ ಫೋನ್ ಕಿತ್ತುಕೊಳ್ಳಬೇಕು, ಆಗ ಆಗುವ ಅಳು ಸಾಲಿನ ಅಳುವಿಗಿಂತ ಜೋರು. ತೀರಾ ಕೈಮೀರಿದರೆ ಅವನದೇ ಹಳೆಯ ವಿಡಿಯೋ, ಫೋಟೋ ತೋರಿಸಿ. ಅದು ಬೇಗ ಮುಗಿಯುತ್ತದೆ, ಕಾರ್ಟೂನು ಮುಗಿಯುವುದೇ ಇಲ್ಲ.

ಜನಜಂಗುಳಿಯಲ್ಲಿ ತಪ್ಪಿಸಿಕೊಂಡರೆ ಅಂತಲೂ ಯೋಚಿಸಬೇಕು. ನಿಮ್ಮ ನಂಬರನ್ನು ಅಂಗಿಯ ಒಳಗಡೆ ಬರೆಯಿರಿ. ನಮ್ಮಲ್ಲಿ ಕೆಲವರು ಚೀಟಿಗೆ ಪ್ಲಾಸ್ಟಿಕ್ ಸುತ್ತಿ ಉಡದಾರಕ್ಕೆ ಕಟ್ಟುತ್ತಾರೆ, ಅದೂ ಚೆನ್ನಾಗಿದೆ. ಬೆಳಿಗ್ಗೆ ಆ ದಿನದ ಬಟ್ಟೆಯಲ್ಲೇ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಮಕ್ಕಳ ಸಹಾಯವಾಣಿ 1098, ಪೊಲೀಸರಿಗೆ 112.

ಅಭ್ಯಾಸ ಬೇಕಿದ್ದರೆ ನಿಮ್ಮ ಊರಲ್ಲೇ ಗೋಳಗುಮ್ಮಟ ಇದೆಯಲ್ಲ. ರಜೆಯ ದಿನ ಬೆಳಿಗ್ಗೆ ಕರೆದುಕೊಂಡು ಹೋಗಿ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ 15 ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ, ದೊಡ್ಡವರ ಟಿಕೆಟ್ ಆನ್‌ಲೈನಿನಲ್ಲಿ ಸಿಗುತ್ತದೆ, ಆದರೂ ಸುಮ್ನೆ ಕೌಂಟರಿನ ಸಾಲಿನಲ್ಲಿ ನಿಂತು ಕ್ಲಿಪ್ಪು, ಕರವಸ್ತ್ರ ಎಲ್ಲ ಪ್ರಯೋಗ ಮಾಡಿ ನೋಡಿ. ಮೂಲೆಯ ಗೋಪುರದ ಕಡಿದಾದ ಮೆಟ್ಟಿಲು ಹತ್ತುವಾಗ ಎತ್ತಿಕೊಳ್ಳಬೇಕಾಗುತ್ತದೆ, ಅದೂ ಒಂದು ಅಭ್ಯಾಸವೇ. ಮೇಲೆ ಪಿಸುಗುಟ್ಟುವ ಗ್ಯಾಲರಿಯಲ್ಲಿ ಎಷ್ಟು ಕಿರುಚಿದರೂ ಬೈಯುವವರಿಲ್ಲ, ಗುಮ್ಮಟ ವಾಪಸ್ ಕಿರುಚುತ್ತದೆ.

ಇದೇ ಉಪಾಯ ಮುಂದೆ ಆಧಾರ್ ಸಾಲಿಗೂ ಬರುತ್ತದೆ. ಐದು ವರ್ಷದೊಳಗಿನವರಿಗೆ ಬೆರಳಚ್ಚು, ಕಣ್ಣಿನ ಗುರುತು ತೆಗೆಯುವುದಿಲ್ಲ, ಫೋಟೋ ಮಾತ್ರ. ಆದರೆ ಆ ಒಂದು ಫೋಟೋಗೆ ಅವನು ಕ್ಯಾಮೆರಾ ನೋಡಬೇಕು. ಸಾಲಿನಲ್ಲೇ ಅವನ ತಾಳ್ಮೆ ಖರ್ಚಾಗಿದ್ದರೆ ಕುರ್ಚಿಯಲ್ಲಿ ಕೂರುವುದೇ ಇಲ್ಲ. ಅಲ್ಲೂ ಒಬ್ಬರು ಸಾಲಿನಲ್ಲಿ, ಒಬ್ಬರು ಹೊರಗೆ.

ದರ್ಶನ ಆದ ಮೇಲೆ ಪ್ರಸಾದಕ್ಕೆ ಇನ್ನೊಂದು ಸಾಲು ಇರುತ್ತದೆ. ಅಲ್ಲಿಗೆ ಅವನನ್ನು ಕರೆದುಕೊಂಡು ಹೋಗಬೇಡಿ. ನಿಮ್ಮ ಯಜಮಾನರು ಇಷ್ಟೊತ್ತು ಹೊರಗೆ ಓಡಿ ಸುಸ್ತಾಗಿರುತ್ತಾರೆ, ಅವರನ್ನು ಸಾಲಿಗೆ ಕಳಿಸಿ, ಮಗನನ್ನು ನೀವು ಹಿಡಿದುಕೊಳ್ಳಿ.