ಕಾಲೇಜಿನಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿ ಆಮೇಲೆ ಪಾಸ್ಟರ್ ಆದವರು ಯಾರಾದ್ರೂ ಇದ್ದಾರಾ?

ಇದ್ದಾರೆ. ನನಗೆ ತಕ್ಷಣ ನೆನಪಾಗುವುದು ಅಮೆರಿಕದ ವಿಲ್ಲಿ ನಾಲ್ಸ್. ಲಾಸ್ ಏಂಜಲೀಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯದ ತಂಡದಲ್ಲಿ ಕೋಚ್ ಜಾನ್ ವುಡನ್ ಗರಡಿಯಲ್ಲಿ ಪಳಗಿ, 1956ರಲ್ಲಿ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಗೆ ಬಂದರು. ಅಲ್ಲಿ ಬಾಸ್ಟನ್ ಸೆಲ್ಟಿಕ್ಸ್ ತಂಡದ ಪರ 1964ರಿಂದ 1966ರವರೆಗೆ ಸತತ ಮೂರು ಸಲ ಚಾಂಪಿಯನ್ ಆದರು.

ನನಗೆ ಜಾಸ್ತಿ ಇಷ್ಟವಾಗುವುದು 1964ರ ಡಿಸೆಂಬರ್ 26ರ ಪಂದ್ಯ. ಸೆಲ್ಟಿಕ್ಸ್ ಆಟಗಾರ ಟಾಮ್ ಹೈನ್ಸನ್ ಗಾಯಗೊಂಡಿದ್ದರು. ಆ ಜಾಗಕ್ಕೆ ಕೋಚ್ ರೆಡ್ ಔರ್‌ಬ್ಯಾಕ್ ನಾಲ್ಸ್ ಅವರನ್ನು ಇಳಿಸಿದರು. ಪಕ್ಕದಲ್ಲಿ ಬಿಲ್ ರಸೆಲ್, ಸ್ಯಾಮ್ ಜೋನ್ಸ್, ಕೆ.ಸಿ. ಜೋನ್ಸ್, ಸ್ಯಾಚ್ ಸ್ಯಾಂಡರ್ಸ್. ಎನ್‌ಬಿಎಯಲ್ಲಿ ಮೊದಲ ಬಾರಿಗೆ ಐವರೂ ಕಪ್ಪು ಆಟಗಾರರೇ ಆಟ ಶುರು ಮಾಡಿದರು. ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನ ವೋಟಿಗಾಗಿ ಇನ್ನೂ ಹೋರಾಡುತ್ತಿದ್ದ ಕಾಲ ಅದು. ಸಣ್ಣ ಮಾತಲ್ಲ ಅಲ್ವಾ?

1966ಕ್ಕೆ ಆಟ ಬಿಟ್ಟು ವ್ಯಾಪಾರಕ್ಕಿಳಿದರು. ಆಮೇಲೆ ದೀಕ್ಷೆ ಪಡೆದು ಪಾಸ್ಟರ್ ಆದರು, ತಮ್ಮದೇ ಹೆಸರಿನಲ್ಲಿ ಸೇವಾಸಂಸ್ಥೆ ಕಟ್ಟಿದರು. 2018ರಲ್ಲಿ ತೀರಿಕೊಂಡರು.